ಕಾರ್ಬನ್ ದೋಟಿ ಎತ್ತೋ ಮುಂಚೆ ಮೇಲೆ ನೋಡ್ರಿ

ನಮ್ಮ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆ ಹುಡುಗ್ರು ಬೈಕಿಗೆ ಕಾರ್ಬನ್ ಫೈಬರ್ ಸ್ಟಿಕ್ಕರ್ ಅಂಟಿಸ್ಕೊಂಡು ಮೆರೀತಾರೆ. ಅಸಲಿ ಕಾರ್ಬನ್ ಫೈಬರ್ ಇರೋದು ಅಪ್ಪನ ಅಡಿಕೆ ತೋಟದಾಗೆ, ದೋಟಿಯಾಗಿ! 1981ರಲ್ಲಿ ಮೆಕ್‌ಲಾರೆನ್ ರೇಸ್ ಕಾರಿನ ಒಡಲಿಗೆ ಬಳಸಿದ್ದೂ ಇದೇ ಜಾತಿ ವಸ್ತು. ಕಬ್ಬಿಣಕ್ಕಿಂತ ಬಲು ಹಗುರ, ಆದ್ರೂ ಗಟ್ಟಿ. ಮರ ಹತ್ತದೆ ನೆಲದ ಮೇಲೆ ನಿಂತೇ ಗೊನೆ ಕೊಯ್ಬಹುದು, ಔಷಧಿ ಹೊಡೀಬಹುದು. ಬಿದ್ದು ಸೊಂಟ ಮುರ್ಕೊಳ್ಳೋ ಭಯ ಇಲ್ಲ. ಇದಕ್ಕೆ ದುಡ್ಡು ಹಾಕೋದು ದಂಡ ಅಲ್ಲ ಬಿಡ್ರಿ.

ಆದ್ರೆ ಇದು ಒಣ ಬಿದಿರಿನಂಗಲ್ಲ, ಕರೆಂಟ್ ಹರಿಸ್ತೈತೆ. ತೋಟದ ಮೇಲೆ ತಂತಿ ಹಾದಿದ್ರೆ ಆ ಸಾಲಿನಾಗೆ ದೋಟಿ ಎತ್ತಲೇಬಾರ್ದು. ಮಾರೋರು ಉದ್ದ, ತೂಕ ಹೇಳಿ ಸುಮ್ಮನಾಗಬಾರದು. ಈ ಮಾತನ್ನ ದೋಟಿ ಮೇಲೇ ಕನ್ನಡದಾಗೆ ದಪ್ಪಕ್ಷರದಲ್ಲಿ ಬರೆದು ಅಂಟಿಸಬೇಕು. ಬೈಕಿಗಿಂತ ಮೊದ್ಲು ಸ್ಟಿಕ್ಕರ್ ಬೇಕಾಗಿರೋದು ಅಲ್ಲಿ.