ಜೋಡಿ ಸಿಗದ ಪೈಲ್ವಾನರು

ಇಲ್ಲಿ ಏನೂ ಬರೆಯದೆ ಬಹಳ ದಿನ ಆಯ್ತು. ಕೆಲಸ, ಸೋಮಾರಿತನ ಎರಡೂ ಸಮಪಾಲು ಕಾರಣ. ಮೊನ್ನೆ ಊರಿಗೆ, ಅಂದರೆ ಇಳಕಲ್ಲಿಗೆ ಹೋಗಿ ಬಂದಾಗಿನಿಂದ ಒಂದು ವಿಷಯ ತಲೆ ಕೊರೀತಾ ಇದೆ. ಬರೆದು ಇಳಿಸಿಬಿಡ್ತೀನಿ. ಆಟದ ವಿಷಯ, ಆದರೆ ಕ್ರಿಕೆಟ್ ಅಲ್ಲ. ಅರ್ಧ ಜನ ಇಲ್ಲಿಗೇ ಎದ್ದು ಹೋಗಬಹುದು, ಬೇಜಾರಿಲ್ಲ :)

ಅಣ್ಣನ ಮಗ ಬಾಗಲಕೋಟೆಯಲ್ಲಿ ಡಿಗ್ರಿ ಓದ್ತಾನೆ. ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿದ್ದಾನೆ. ರಾತ್ರಿ ಊಟ ಆದ ಮೇಲೆ ಕಟ್ಟೆ ಮೇಲೆ ಕೂತಾಗ ಸುಮ್ಮನೆ ಕೇಳಿದೆ.

"ಈ ವರ್ಷ ಎಷ್ಟ ಮ್ಯಾಚ್ ಆಡಿದ್ರೋ?"

"ಒಂದ, ಕಾಕಾ."

"ಒಂದಾ?"

"ಹೂಂ. ಸೋತ್ವಿ. ಮುಗೀತಲ್ಲ."

"ಮತ್ತ ಯಾವಾಗ?"

"ಮುಂದಿನ ವರ್ಷ."

ಅವನು ಬೇಜಾರಿನಿಂದಲೂ ಹೇಳಲಿಲ್ಲ. ಅಮಾವಾಸ್ಯೆ ಯಾವಾಗ ಅಂತ ಕೇಳಿದರೆ ಹೇಳ್ತಾರಲ್ಲ, ಹಾಗೆ ಹೇಳಿದ. ನನಗೆ ಚುಚ್ಚಿದ್ದು ಅದೇ. ಯಾಕಂದ್ರೆ 1998ರಲ್ಲಿ ನಾನು ಆಡುವಾಗಲೂ ಇದೇ ಕತೆ. ಜೂನ್‌ನಿಂದ ದಿನಾ ಬೆಳಿಗ್ಗೆ ಆರಕ್ಕೆ ಎದ್ದು ಓಡಿದ್ದೇ ಓಡಿದ್ದು. ಆಮೇಲೆ ಒಂದು ದಿನ ಸುತ್ತೋಲೆ ಬಂತು ಅಂತ ಪಿ.ಡಿ. ಸರ್ ಕೂಗಿ ಕರೆದರು. ಹನ್ನೆರಡು ಹುಡುಗರು ರಾತ್ರಿ ಬಸ್ಸಿನಲ್ಲಿ ನಿಂತುಕೊಂಡು ದೂರದ ಊರಿಗೆ ಹೋದೆವು. ಬೆಳಿಗ್ಗೆ ಹತ್ತಕ್ಕೆ ಮ್ಯಾಚು. ಆಗ ಇಪ್ಪತ್ತು ಇಪ್ಪತ್ತು ನಿಮಿಷದ ಎರಡು ಅವಧಿ ಇರ್ತಿತ್ತು (ಹತ್ತು ನಿಮಿಷದ ನಾಲ್ಕು ಕ್ವಾರ್ಟರ್ ಆಗಿದ್ದು 2000ದಲ್ಲಿ). ಹನ್ನೊಂದೂವರೆಗೆ ನಮ್ಮ ಇಡೀ ವರ್ಷ ಮುಗಿದಿತ್ತು. ಕ್ಯಾಂಟೀನಿನಲ್ಲಿ ಇಡ್ಲಿ ತಿಂದು ವಾಪಸ್ ಬಸ್ ಹತ್ತಿದೆವು. ಎದುರಾಳಿಗಳು ನಮಗಿಂತ ಎತ್ತರ ಏನಿರಲಿಲ್ಲ. ಅವರ ಊರಿನಲ್ಲಿ ಏಳೆಂಟು ತಂಡ ಇದ್ದವು, ವಾರಕ್ಕೊಂದು ಮ್ಯಾಚ್ ಆಡ್ತಿದ್ದರು. ನಾವು ಆಡ್ತಿದ್ದದ್ದು ನಮ್ಮ ಜೊತೆಗೇ, ಐದು ಜನ ಅಂಗಿ ಹಾಕ್ಕೊಂಡು, ಐದು ಜನ ಅಂಗಿ ಬಿಚ್ಚಿ.

ನಮ್ಮ ಕಡೆ ಜಾತ್ರೆಯ ಕುಸ್ತಿ ನೋಡಿದವರಿಗೆ ಇದು ಬೇಗ ತಿಳಿಯುತ್ತೆ. ಕಣದ ಸುತ್ತ ಹಿರಿಯರು ಕೂತು ಜೋಡಿ ಹಚ್ಚುತ್ತಾರೆ. ಸಣ್ಣ ಹುಡುಗರದ್ದು ಮೊದಲು, ದೊಡ್ಡ ಪೈಲ್ವಾನರದ್ದು ಕೊನೆಗೆ. ದೊಡ್ಡ ಪೈಲ್ವಾನ ಗುರುತಿಲ್ಲದ ಹುಡುಗನ ಜೊತೆ ಕಣಕ್ಕೆ ಇಳಿಯಲ್ಲ. ಗೆದ್ದರೆ ಹೆಸರಿಲ್ಲ, ಸೋತರೆ ಮರ್ಯಾದೆ ಹೋಯ್ತು. ಹಾಗಾಗಿ ಮಧ್ಯದ ಹುಡುಗನಿಗೆ ಜೋಡಿಯೇ ಸಿಗಲ್ಲ. ತಾಲೀಮು ಎಷ್ಟು ಮಾಡಿದರೂ ಅವನು ಎಷ್ಟರ ಪೈಲ್ವಾನ ಅಂತ ಅವನಿಗೂ ಗೊತ್ತಾಗಲ್ಲ, ಊರಿಗೂ ಗೊತ್ತಾಗಲ್ಲ.

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ನೋಡುವವರಿಗೆ ಮಿಡ್-ಮೇಜರ್ ಅನ್ನೋ ಮಾತು ಗೊತ್ತಿರುತ್ತೆ. ಅತಿ ದೊಡ್ಡದೂ ಅಲ್ಲ, ತೀರಾ ಸಣ್ಣದೂ ಅಲ್ಲದ ಕಾಲೇಜುಗಳು. ಅವರ ಗೋಳೂ ಇದೇ ಜೋಡಿಯದ್ದು. ಮಾರ್ಚ್ ತಿಂಗಳ ರಾಷ್ಟ್ರೀಯ ಟೂರ್ನಿಗೆ 68 ತಂಡ. ಆಯ್ಕೆ ಮಾಡುವಾಗ ಎಷ್ಟು ಗೆದ್ದಿರಿ ಅನ್ನೋದರ ಜೊತೆ ಯಾರ ಮೇಲೆ, ಎಲ್ಲಿ ಗೆದ್ದಿರಿ ಅಂತಲೂ ನೋಡ್ತಾರೆ. 2018ರಿಂದ ಜಾರಿಗೆ ಬಂದ ಲೆಕ್ಕದಲ್ಲಿ, ಮೊದಲ 30ರೊಳಗಿನ ತಂಡವನ್ನು ನಿಮ್ಮ ಅಂಗಳದಲ್ಲಿ ಸೋಲಿಸಿದರೂ, 75ರೊಳಗಿನ ತಂಡವನ್ನು ಅವರ ಅಂಗಳಕ್ಕೆ ಹೋಗಿ ಸೋಲಿಸಿದರೂ ಒಂದೇ ದರ್ಜೆ. ಆದರೆ ದೊಡ್ಡ ತಂಡ ಸಣ್ಣವರ ಊರಿಗೆ ಬರೋದೇ ಅಪರೂಪ. "ದುಡ್ಡು ಕೊಡ್ತೀವಿ, ನೀವೇ ನಮ್ಮಲ್ಲಿಗೆ ಬಂದು ಆಡಿ" ಅಂತಾರೆ. ಆ ದುಡ್ಡಿನಲ್ಲೇ ಸಣ್ಣ ಕಾಲೇಜಿನ ಉಳಿದ ಆಟಗಳ ಖರ್ಚೂ ಸ್ವಲ್ಪ ಸಾಗುತ್ತೆ. ಅಂಥದ್ದರಲ್ಲೂ ಗೊಂಝಾಗಾ 2017 ಮತ್ತು 2021ರಲ್ಲಿ ಫೈನಲ್ ಮುಟ್ಟಿತು. 2022ರಲ್ಲಿ ಸೇಂಟ್ ಪೀಟರ್ಸ್ ಅನ್ನೋ ಪುಟ್ಟ ಕಾಲೇಜು ಕೆಂಟಕಿಯಂಥ ದೈತ್ಯನನ್ನು ಕೆಡವಿ ಕೊನೆಯ ಎಂಟಕ್ಕೆ ಹೋಯಿತು. ಆ ಕಾಲೇಜು ಇರೋದು ಜೆರ್ಸಿ ಸಿಟಿಯಲ್ಲಿ. ಇದನ್ನು ಓದುವ ಟೆಕ್ಕಿ ಬ್ಲಾಗಿಗರಲ್ಲಿ ಕೆಲವರು ಅದರ ಮುಂದೆಯೇ ಓಡಾಡಿರ್ತೀರಿ.

ಅವರ ಗೋಳು ಕೇಳಿ ನನಗೆ ಸ್ವಲ್ಪ ನಗು ಬಂತು ಅನ್ನಿ. ಅವರಿಗೆ ವರ್ಷಕ್ಕೆ ಮೂವತ್ತು ಮ್ಯಾಚ್ ಇವೆ, ಒಳ್ಳೇ ಜೋಡಿ ಸಿಗ್ತಿಲ್ಲ ಅಂತ ಅಳು. ನಮ್ಮ ಹುಡುಗನಿಗೆ ಒಂದು!

ಇದು ಯಾರೋ ದುಷ್ಟರು ಮಾಡಿದ್ದಲ್ಲ, ಲೆಕ್ಕ ಹಾಗಿದೆ. ನಾಕೌಟ್‌ನಲ್ಲಿ ಹದಿನಾರು ತಂಡ ಇದ್ದರೆ ಒಟ್ಟು ಹದಿನೈದು ಮ್ಯಾಚು. ಮೊದಲ ಸುತ್ತಿಗೇ ಎಂಟು ತಂಡ, ಅಂದರೆ ಬಂದವರಲ್ಲಿ ಅರ್ಧ ಜನ, ಒಂದೇ ಮ್ಯಾಚಿಗೆ ಮನೆಗೆ. ಕಬಡ್ಡಿ, ಖೋಖೋ, ವಾಲಿಬಾಲ್ ಆದರೆ ನಮ್ಮ ಕಡೆ ಹಳ್ಳಿ ಟೂರ್ನಮೆಂಟಾದರೂ ಇರುತ್ತೆ. ಜಾತ್ರೆಗೊಂದು, ಗಣಪತಿಗೊಂದು. ಬ್ಯಾಸ್ಕೆಟ್‌ಬಾಲಿಗೆ ಅದೂ ಇಲ್ಲ. ಆಡುವ ಕಾಲೇಜುಗಳು ಕಮ್ಮಿ ಅಂತ ಏಕವಲಯ ಪಂದ್ಯಾವಳಿ ಮಾಡಿ ಎರಡು ಮೂರು ದಿನದಲ್ಲಿ ಒಂದೇ ಊರಲ್ಲಿ ಮುಗಿಸಿಬಿಡುತ್ತಾರೆ. ಸೆಮಿಸ್ಟರ್ ಬಂದ ಮೇಲಂತೂ ಇಂಟರ್ನಲ್ ಟೆಸ್ಟು, ಪ್ರಾಕ್ಟಿಕಲ್ಲು, ಪರೀಕ್ಷೆ ಇವುಗಳ ಸಂದಿಯಲ್ಲಿ ಎಲ್ಲಿ ಜಾಗ ಸಿಗುತ್ತೋ ಅಲ್ಲಿ ಆಟ. ನಮ್ಮ ಹಳೇ ಪಿ.ಡಿ. ಸರ್ ಸಿಕ್ಕಿದ್ದರು, ರಿಟೈರ್ ಆಗಿ ತೋಟ ಮಾಡ್ಕೊಂಡಿದ್ದಾರೆ. "ಮಳಿ ಯಾವಾಗ ಬರ್ತದ ಅಂತ ಹೇಳಬಹುದು ತಮ್ಮಾ, ಸರ್ಕ್ಯುಲರ್ ಯಾವಾಗ ಬರ್ತದ ಅಂತ ಹೇಳಾಕ ಆಗೂದಿಲ್ಲ" ಅಂದರು. ಹುನಗುಂದದ ಕಡೆ ಮಳೆಯ ಭರವಸೆ ಎಷ್ಟು ಅಂತ ಗೊತ್ತಿದ್ದವರಿಗೆ ಈ ಮಾತಿನ ತೂಕ ತಿಳಿಯುತ್ತೆ.

ಈಗ ನನ್ನ ತಲೆ ಕೊರೆಯುತ್ತಿರುವ ವಿಷಯಕ್ಕೆ ಬರ್ತೀನಿ. ಎದುರಾಳಿ ನಿಜವಾಗಿ ದೂರ ಇಲ್ಲ. ಬಾಗಲಕೋಟೆ ಒಂದೇ ಊರನ್ನು ತಗೊಳ್ಳಿ. ಬಸವೇಶ್ವರ ಇಂಜಿನಿಯರಿಂಗ್ ಕಾಲೇಜು ಆಡೋದು ವಿಟಿಯು ಕ್ಯಾಲೆಂಡರಿನಲ್ಲಿ. ನವನಗರದ ನಿಜಲಿಂಗಪ್ಪ ಮೆಡಿಕಲ್ ಕಾಲೇಜು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ್ದರಲ್ಲಿ. 2008ರಲ್ಲಿ ಬಂದ ತೋಟಗಾರಿಕೆ ವಿಶ್ವವಿದ್ಯಾಲಯದ್ದು ಬೇರೇನೇ ಕ್ಯಾಲೆಂಡರು. ಆರ್ಟ್ಸ್, ಸೈನ್ಸ್, ಕಾಮರ್ಸ್ ಡಿಗ್ರಿ ಹುಡುಗರದ್ದು ನಾಲ್ಕನೆಯದು. ಒಂದೇ ಊರು, ಒಂದೇ ಚಹಾದಂಗಡಿ, ನಾಲ್ಕು ವಿಶ್ವವಿದ್ಯಾಲಯ. ಈ ಹುಡುಗರು ಸಂಜೆ ಎದುರುಬದುರು ನಿಂತು ಚಹಾ ಕುಡೀತಾರೆ. ಅವರ ಕಾಲೇಜುಗಳ ನಡುವೆ ಅಂತರ ಕಾಲೇಜು ಮ್ಯಾಚ್ ಅಂತ ಒಂದೂ ಇಲ್ಲ. ಆಡಬೇಕಂದ್ರೆ ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ನೂರಾರು ಕಿಲೋಮೀಟರ್ ಬಸ್ಸಿನಲ್ಲಿ ಹೋಗಿ ಗುರುತಿಲ್ಲದವರ ಹತ್ತಿರ ಸೋತು ಬರಬೇಕು.

ಇನ್ನು ಬಾದಾಮಿ, ಹುನಗುಂದ, ಇಳಕಲ್. ಹುನಗುಂದದಿಂದ ಇಳಕಲ್ಲಿಗೆ ಅರ್ಧ ಗಂಟೆ ದಾರಿ. ಬಾಗಲಕೋಟೆ-ಬಾದಾಮಿ ಮಧ್ಯೆ ಬಸ್ಸೂ ಇದೆ, ಗದಗ ಲೈನಿನ ರೈಲೂ ಇದೆ. ಈ ನಾಲ್ಕು ಊರಿಂದ ಒಂದೊಂದು ತಂಡ ಹಿಡಿದು, ಪ್ರತಿಯೊಬ್ಬರೂ ಪ್ರತಿಯೊಬ್ಬರ ಊರಿಗೆ ಒಮ್ಮೆ ಹೋಗಿ ಆಡಿದರೆ ಒಟ್ಟು ಹನ್ನೆರಡು ಮ್ಯಾಚು. ಒಂದು ತಂಡಕ್ಕೆ ಆರು, ಮೂರು ಮನೆಯಲ್ಲಿ, ಮೂರು ಹೊರಗೆ. ಮೂರು ವರ್ಷದ ಡಿಗ್ರಿಯಲ್ಲಿ ಹದಿನೆಂಟು! ಮೊದಲ ಸುತ್ತಲ್ಲೇ ಸೋಲುವ ತಂಡಕ್ಕೆ ಈಗ ಸಿಗೋದು ಮೂರು. ನಮ್ಮಲ್ಲಿ ಮದುವೆ ಮುಂಜಿವೆಗೆ ಮುಯ್ಯಿ ಮಾಡೋ ಪದ್ಧತಿ ಇದೆಯಲ್ಲ, ನೀವು ನಮ್ಮಲ್ಲಿ ಬಂದು ಹಾಕಿದ್ದನ್ನು ನಾವು ನಿಮ್ಮಲ್ಲಿ ಬಂದು ತೀರಿಸೋದು. ಅಷ್ಟೇ ಇದು. ಭಾನುವಾರ ಬೆಳಿಗ್ಗೆ ಏಳಕ್ಕೆ ಶುರು ಮಾಡಿದರೆ ಬಿಸಿಲೇರುವ ಮುಂಚೆ ಮುಗಿಯುತ್ತೆ. ಬನಶಂಕರಿ ಜಾತ್ರೆಯ ದಿನಗಳಲ್ಲಿ ಬಾದಾಮಿ ಮ್ಯಾಚ್ ಮಾತ್ರ ಇಡಬಾರದು, ಬಸ್ಸಿನಲ್ಲಿ ಕಾಲಿಡೋಕೂ ಜಾಗ ಇರಲ್ಲ, ಇದ್ದರೂ ಹುಡುಗರು ಮ್ಯಾಚ್ ಬಿಟ್ಟು ನಾಟಕಕ್ಕೆ ಹೋಗ್ತಾರೆ :)

ಖರ್ಚು? ಹುಡುಗಿಯರ ತಂಡಕ್ಕೆ ಬಸ್ ಖರ್ಚಿನ ಮಾತೇ ಇಲ್ಲ, 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ. ಹುಡುಗರದ್ದಕ್ಕೆ ಪ್ರವೇಶದ ರಸೀದಿಯಲ್ಲಿ ಕ್ರೀಡಾ ಶುಲ್ಕ ಅಂತ ಒಂದು ಸಾಲು ಇರುತ್ತೆ ನೋಡಿ, ಅದು ಇರೋದು ಇದಕ್ಕೇ ಅಲ್ವಾ?

ಪಿ.ಡಿ. ಸರ್ ಮುಂದೆ ಇದನ್ನೆಲ್ಲ ಉತ್ಸಾಹದಿಂದ ಹೇಳಿದೆ. ಅವರು ಅಡಿಕೆ ಕತ್ತರಿಸುತ್ತ ಕೇಳಿದರು. "ಛಲೋ ಅದ. ಆದ್ರ ಲೆಕ್ಕಕ್ಕಿಲ್ಲದ ಮ್ಯಾಚಿಗೆ ಓ.ಡಿ. ಯಾರ ಕೊಡ್ತಾರ? ಟಿ.ಎ. ಬಿಲ್ ಯಾವ ಹೆಡ್ಡಿನಾಗ ಹಾಕಬೇಕು? ಹುಡುಗನ ಕಾಲ ಮುರೀತಂದ್ರ ಅವರಪ್ಪಗ ಯಾರ ಉತ್ತರಾ ಹೇಳಬೇಕು?" ನನ್ನ ಹತ್ತಿರ ಉತ್ತರ ಇರಲಿಲ್ಲ. ಬೆಂಗಳೂರಲ್ಲಿ ಕೂತು ಲೆಕ್ಕ ಹಾಕೋದು ಸುಲಭ. ಆಟ ಲೆಕ್ಕಕ್ಕೆ ಬರಬೇಕಾದರೆ ವಿಶ್ವವಿದ್ಯಾಲಯ ಅದನ್ನು ಲೆಕ್ಕಕ್ಕೆ ತಗೋಬೇಕು.

ಇಲ್ಲೇ ಒಂದು ಅವಕಾಶ ಇದೆ ಅಂತ ನನಗನಿಸೋದು. ಈ ಊರುಗಳ ಡಿಗ್ರಿ ಕಾಲೇಜುಗಳು ಮೊದಲು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. 2010ರಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಬಂದ ಮೇಲೆ ಬೆಳಗಾವಿಗೆ. 2023ರಲ್ಲಿ ಜಮಖಂಡಿಯಲ್ಲಿ ನಮ್ಮದೇ ಜಿಲ್ಲೆಗೆ ಬಾಗಲಕೋಟೆ ವಿಶ್ವವಿದ್ಯಾಲಯ ಶುರುವಾಯಿತು. ಅಂತರ ವಿಶ್ವವಿದ್ಯಾಲಯ ಪಂದ್ಯಗಳಿಗೆ ಒಂದು ವಿಶ್ವವಿದ್ಯಾಲಯದಿಂದ ಒಂದು ತಂಡ, ಹನ್ನೆರಡು ಜನ. ಬೆಳಗಾವಿ, ವಿಜಯಪುರ, ಬಾಗಲಕೋಟೆ ಮೂರು ಜಿಲ್ಲೆಗೆ ಸೇರಿ ಹನ್ನೆರಡು ಜಾಗ ಇರೋದಕ್ಕೂ ಒಂದು ಜಿಲ್ಲೆಗೇ ಹನ್ನೆರಡು ಜಾಗ ಇರೋದಕ್ಕೂ ವ್ಯತ್ಯಾಸ ಇಲ್ವಾ? ಆ ಹನ್ನೆರಡು ಜನರನ್ನು ಹೇಗೆ ಆರಿಸಬೇಕು ಅನ್ನೋದು ಆಯಾ ವಿಶ್ವವಿದ್ಯಾಲಯದ ಕೈಯಲ್ಲೇ ಇದೆ. ಎರಡು ದಿನದ ನಾಕೌಟ್ ನೋಡಿ ಆರಿಸೋ ಬದಲು, ಆರು ಭಾನುವಾರದ ಆಟ ನೋಡಿ ಆರಿಸಿ. ಆಗ ಓ.ಡಿ.ಯೂ ಸಿಗುತ್ತೆ, ಬಿಲ್ಲಿಗೆ ಹೆಡ್ಡೂ ಸಿಗುತ್ತೆ. ದಕ್ಷಿಣ ವಲಯಕ್ಕೆ ಹೋದಾಗ ಚೆನ್ನೈ, ಬೆಂಗಳೂರಿನ ತಂಡಗಳ ಎದುರು ಮೊದಲ ಮ್ಯಾಚೇ ಸೋಲಬಹುದು. ಸೋಲಲಿ. ವರ್ಷದ ಎಂಟನೇ ಮ್ಯಾಚ್ ಸೋಲೋದು ಬೇರೆ, ಇದ್ದೊಂದು ಮ್ಯಾಚ್ ಸೋಲೋದು ಬೇರೆ.

2025ರ ಫೆಬ್ರವರಿಯಲ್ಲಿ ಹೊಸ ವಿಶ್ವವಿದ್ಯಾಲಯಗಳಲ್ಲಿ ಒಂಬತ್ತನ್ನು ಮುಚ್ಚಿ ಹಳೆಯವಕ್ಕೆ ಸೇರಿಸುವ ಮಾತು ಸರ್ಕಾರದಲ್ಲೇ ಎದ್ದಿತ್ತು, ಬಾಗಲಕೋಟೆಯದ್ದೂ ಆ ಪಟ್ಟಿಯಲ್ಲಿತ್ತು. ದುಡ್ಡಿಲ್ಲ, ಜಾಗ ಇಲ್ಲ, ಸಿಬ್ಬಂದಿ ಇಲ್ಲ ಅನ್ನೋ ಕಾರಣ ಸುಳ್ಳೇನಲ್ಲ. ಬ್ಯಾಸ್ಕೆಟ್‌ಬಾಲ್ ತಂಡಕ್ಕೋಸ್ಕರ ಒಂದು ವಿಶ್ವವಿದ್ಯಾಲಯ ನಡೆಸಿ ಅಂತ ಹೇಳುವಷ್ಟು ಹುಚ್ಚ ನಾನಲ್ಲ. ಆದರೆ ಆ ಚರ್ಚೆಯಲ್ಲಿ ಎಷ್ಟು ಕಟ್ಟಡ, ಎಷ್ಟು ಕೋಟಿ, ಎಷ್ಟು ಕಾಲೇಜು ಅನ್ನೋದೆಲ್ಲ ಕೇಳಿದೆ. ಹಳ್ಳಿಯ ಹುಡುಗಿಯೊಬ್ಬಳಿಗೆ ತಂಡದಲ್ಲಿ ಸಿಗಬಹುದಾದ ಜಾಗ ಏನಾಗುತ್ತೆ ಅಂತ ಯಾರೂ ಕೇಳಿದ್ದು ನನ್ನ ಕಿವಿಗೆ ಬೀಳಲಿಲ್ಲ.

ನಾನು ಬೆಂಗಳೂರಿಗೆ ಹೊರಡುವ ಹಿಂದಿನ ದಿನ ಅಣ್ಣನ ಮಗ ಹುನಗುಂದದ ತನ್ನ ಗೆಳೆಯನಿಗೆ ಫೋನ್ ಹಚ್ಚಿದ. ಈ ಭಾನುವಾರ ಇಳಕಲ್ ಹುಡುಗರು ಹುನಗುಂದಕ್ಕೆ, ಅದರ ಮುಂದಿನ ಭಾನುವಾರ ಅವರು ಇಲ್ಲಿಗೆ. ಓ.ಡಿ. ಇಲ್ಲ, ಬಿಲ್ ಇಲ್ಲ, ಕಾಲ ಮುರಿದರೆ ಅವರವರದು. ಸ್ಪೀಕರಿನಲ್ಲಿ ಆ ಕಡೆಯ ದನಿ ನನಗೂ ಕೇಳಿಸ್ತು.

"ಬರ್ರಿ ಬರ್ರಿ. ಆದ್ರ ಒಂದ ಕಡೆ ರಿಂಗ್ ಸ್ವಲ್ಪ ಬಾಗೇತಿ, ಅರ್ಧಕ್ಕ ಸೈಡ್ ಬದಲಿ ಮಾಡೂಣು. ಉಪ್ಪಿಟ್ಟ ನಮ್ಮದು."