ರಜೆಯ ಪಂಚಾಂಗ, ಕಡಲಿನ ಪಂಚಾಂಗ

ಶ್ರಾವಣ ಕಳೆಯುವ ಹೊತ್ತಿಗೆ ಹಡಗಿನ ಪ್ರವಾಸದ ಜಾಹೀರಾತುಗಳು ಕಾಣಿಸಿಕೊಳ್ಳಲಾರಂಭಿಸುತ್ತವೆ. ದಸರೆಗೊಂದು, ದೀಪಾವಳಿಗೊಂದು ಎಂದು ಪ್ರವಾಸಗಳು ಹಂಚಿಕೆಯಾಗಿರುತ್ತವೆ. ಎಷ್ಟು ರಾತ್ರಿ, ಯಾವ ಬಂದರು, ಊಟ ಸಸ್ಯಾಹಾರವೋ ಅಲ್ಲವೋ, ಮಕ್ಕಳಿಗೆ ಈಜುಕೊಳವುಂಟೋ, ಕಂತಿನಲ್ಲಿ ಹಣ ಕಟ್ಟಬಹುದೋ ಎಂಬುದೆಲ್ಲವೂ ಅವುಗಳಲ್ಲಿರುತ್ತದೆ. ಆ ವಾರ ಆ ಸಮುದ್ರ ಹೇಗಿರುತ್ತದೆ ಎಂಬ ಒಂದು ಸಾಲು ಮಾತ್ರ ಇರುವುದಿಲ್ಲ. ಕೊಳ್ಳುವವರೂ ಅದನ್ನು ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ಎಪ್ಪತ್ತು ದಾಟಿದ ನನ್ನ ತಾಯಿಗೆ ದ್ವೀಪವೊಂದನ್ನು ನೋಡಬೇಕೆಂಬ ಆಸೆ. ಕುಂದಾಪುರದ ಸಮೀಪದ ಹಳ್ಳಿಯಲ್ಲಿ ಹುಟ್ಟಿ, ಮದುವೆಯಾಗಿ ಘಟ್ಟ ಹತ್ತಿದವರು ಅವರು. ಬಾಲ್ಯವಿಡೀ ಸಮುದ್ರವನ್ನು ದಡದಿಂದ ಕಂಡಿದ್ದರೇ ಹೊರತು ಅದರ ಮೇಲೆ ಒಮ್ಮೆಯೂ ಪಯಣಿಸಿದವರಲ್ಲ. ಅಕ್ಟೋಬರ್ ಕೊನೆಯ ವಾರ ಮಕ್ಕಳಿಗೆ ರಜೆ, ನನಗೂ ಬಿಡುವು, ದರವೂ ಕೈಗೆಟುಕುವಂತಿತ್ತು. ಲಕ್ಷದ್ವೀಪಕ್ಕೆ ಹೋಗುವ ಹಡಗಿನಲ್ಲಿ ಸ್ಥಳ ಕಾದಿರಿಸಿದೆ. ಹಡಗು ಹೇಳಿದ ಹೊತ್ತಿಗೆ ದ್ವೀಪದ ಎದುರಿಗೆ ಬಂದು ನಿಂತಿತು. ತೆಂಗಿನ ಮರಗಳು, ಬಿಳಿಯ ಮರಳು, ದಡದಲ್ಲಿ ನಿಂತ ಜನ ಎಲ್ಲವೂ ಕಾಣಿಸುತ್ತಿದ್ದವು.

ಲಕ್ಷದ್ವೀಪದ ಬಹುತೇಕ ಕಡೆ ದೊಡ್ಡ ಹಡಗು ದಡಕ್ಕೆ ತಾಗುವುದಿಲ್ಲ. ಅದು ಹವಳದ ದಿಬ್ಬದ ಹೊರಗೇ ನಿಲ್ಲುತ್ತದೆ. ಪ್ರಯಾಣಿಕರು ಹಡಗಿನ ಪಕ್ಕದ ಬಾಗಿಲಿನಿಂದ ಸಣ್ಣ ದೋಣಿಗೆ ಇಳಿದು ದಡ ಸೇರಬೇಕು. ಅಂದು ದೋಣಿ ಬಾಗಿಲ ಬಳಿಗೆ ಬಂತು. ಒಮ್ಮೆ ನಮ್ಮ ಕಾಲಿನ ಮಟ್ಟಕ್ಕೆ ಏರಿ, ಮರುಕ್ಷಣ ಆಳೆತ್ತರ ಕೆಳಗಿಳಿಯುತ್ತಿತ್ತು. ಅರ್ಧ ಗಂಟೆ ನೋಡಿದ ಕಪ್ತಾನರು ಯಾರನ್ನೂ ಇಳಿಸುವುದಿಲ್ಲವೆಂದು ಪ್ರಕಟಿಸಿದರು. ಆಕಾಶ ತಿಳಿಯಾಗಿತ್ತು, ಗಾಳಿಯೂ ಹೆಚ್ಚಿರಲಿಲ್ಲ. ಕೊಟ್ಟ ಹಣಕ್ಕೆ ದ್ವೀಪ ತೋರಿಸಿ ಎಂದು ಜನ ಹಡಗಿನ ಕಚೇರಿಯ ಮುಂದೆ ಗುಂಪುಗೂಡಿದರು. ಆ ಗುಂಪಿನಲ್ಲಿ ನಾನೂ ಇದ್ದೆ, ದನಿಯೇರಿಸಿ ಮಾತಾಡಿದವರಲ್ಲಿ ಒಬ್ಬನಾಗಿದ್ದೆ. ತಾಯಿ ನನ್ನ ತೋಳು ಹಿಡಿದು ಈಚೆಗೆ ಕರೆದರು. “ಇಳಿಯಬೇಕಾದವಳು ನಾನು. ಆ ದೋಣಿ ನೋಡಿ ನನ್ನ ಕಾಲೇ ನಡುಗುತ್ತಿದೆ. ನೀನು ಯಾರ ಪರವಾಗಿ ಜಗಳವಾಡುತ್ತಿದ್ದೀ?” ಎಂದರು. ಉತ್ತರ ಕೊಡಲು ನನ್ನಲ್ಲಿ ಏನೂ ಇರಲಿಲ್ಲ.

ತಪ್ಪು ಕಪ್ತಾನರದಲ್ಲ, ನನ್ನದು ಎಂಬುದು ಅರ್ಥವಾಗಲು ಊರಿಗೆ ಬಂದು ಸ್ವಲ್ಪ ಓದಬೇಕಾಯಿತು. ನಾನು ರಜೆಯ ಪಂಚಾಂಗ ನೋಡಿ ಹೊರಟಿದ್ದೆ. ಕಡಲಿಗೆ ಅದರದೇ ಪಂಚಾಂಗವಿದೆ ಎಂಬುದನ್ನು ಮರೆತಿದ್ದೆ.

ಶರದೃತುವೆಂದರೆ ನಮ್ಮ ಮನಸ್ಸಿಗೆ ಬರುವುದು ತಿಳಿಯಾದ ಆಕಾಶ, ಬೆಳುದಿಂಗಳು. ಬಯಲುಸೀಮೆಯ ಮಟ್ಟಿಗೆ ಅದು ನಿಜವಿರಬಹುದು. ಸಮುದ್ರದ ಮಟ್ಟಿಗೆ ಅದು ಸಂಧಿಕಾಲ. ನೈಋತ್ಯ ಮುಂಗಾರು ದೇಶದಿಂದ ಹಿಂದೆ ಸರಿಯುವುದು ವಾಡಿಕೆಯಂತೆ ಸೆಪ್ಟೆಂಬರ್ 17ರ ಸುಮಾರಿಗೆ ರಾಜಸ್ಥಾನದಿಂದ ಆರಂಭವಾಗಿ ಅಕ್ಟೋಬರ್ 15ರ ವೇಳೆಗೆ ಮುಗಿಯುತ್ತದೆ. ಅನಂತರ ಗಾಳಿಯ ದಿಕ್ಕು ಬದಲಾಗಿ ಹಿಂಗಾರು ನೆಲೆಗೊಳ್ಳಬೇಕು. ಈ ನಡುವಿನ ದಿನಗಳಲ್ಲಿ ಬರುವ ಮಳೆಯನ್ನು ನಮ್ಮ ರೈತರು ಕುರುಡು ಚಿತ್ತೆ ಎಂದು ಕರೆಯುತ್ತಾರೆ. ಎಲ್ಲಿ ಸುರಿಯುವುದೋ ಅದಕ್ಕೇ ತಿಳಿಯದು ಎಂದು ಇದರರ್ಥ. ಸಮುದ್ರದ ವಿಷಯದಲ್ಲಿಯೂ ಆ ಹೆಸರು ಸುಳ್ಳಲ್ಲ.

ಚಂಡಮಾರುತ ಹುಟ್ಟಲು ಎರಡು ಸಂಗತಿಗಳು ಕೂಡಿಬರಬೇಕು. ಸಮುದ್ರದ ಮೇಲ್ಮೈ ನೀರು ಸುಮಾರು 26.5 ಡಿಗ್ರಿ ಸೆಲ್ಷಿಯಸ್‌ಗಿಂತ ಬೆಚ್ಚಗಿರಬೇಕು. ಮೇಲಿನ ಮತ್ತು ಕೆಳಗಿನ ಗಾಳಿಗಳ ವೇಗ, ದಿಕ್ಕುಗಳಲ್ಲಿ ಹೆಚ್ಚು ವ್ಯತ್ಯಾಸವಿರಬಾರದು. ಜುಲೈ, ಆಗಸ್ಟ್‌ಗಳಲ್ಲಿ ಮುಂಗಾರಿನ ಪ್ರಬಲ ಗಾಳಿಗಳೇ ಈ ಎರಡನೆಯ ಷರತ್ತನ್ನು ಮುರಿಯುತ್ತವೆ. ಆಗ ಅಲೆಗಳು ಉಗ್ರವಾಗಿದ್ದರೂ ಚಂಡಮಾರುತಗಳು ಅಪರೂಪ. ಮುಂಗಾರು ಬರುವ ಮುನ್ನ ಮತ್ತು ಹೋದ ಬಳಿಕ ಎರಡೂ ಷರತ್ತುಗಳು ಒಟ್ಟಿಗೆ ಪೂರೈಸುತ್ತವೆ. ಆದ್ದರಿಂದಲೇ ನಮ್ಮ ಎರಡೂ ಸಮುದ್ರಗಳಲ್ಲಿ ಚಂಡಮಾರುತಗಳಿಗೆ ವರ್ಷಕ್ಕೆ ಎರಡು ಹಂಗಾಮುಗಳು: ಏಪ್ರಿಲ್‌ನಿಂದ ಜೂನ್, ಅಕ್ಟೋಬರ್‌ನಿಂದ ಡಿಸೆಂಬರ್. ನಮ್ಮ ದಸರೆ, ದೀಪಾವಳಿ ರಜೆಗಳು ಎರಡನೆಯದರ ಮಡಿಲಿಗೇ ಬೀಳುತ್ತವೆ.

2019ರ ದೀಪಾವಳಿಯನ್ನು ಕರಾವಳಿಯವರು ಮರೆತಿರಲಾರರು. ಹಬ್ಬದ ದಿನಗಳಲ್ಲೇ ‘ಕ್ಯಾರ್’ ಎಂಬ ಚಂಡಮಾರುತ ಕೊಂಕಣ ತೀರದಾಚೆ ಹುಟ್ಟಿ ಮಹಾ ಚಂಡಮಾರುತವಾಗಿ ಬೆಳೆಯಿತು. ಅರಬ್ಬಿ ಸಮುದ್ರದಲ್ಲಿ ಆ ಪ್ರಮಾಣದ್ದು 2007ರ ‘ಗೋನು’ವಿನ ನಂತರ ಅದೇ ಮೊದಲು. ಅದು ಪಶ್ಚಿಮಕ್ಕೆ ಸರಿದು ಸಮುದ್ರದಲ್ಲೇ ಕರಗುವ ಮೊದಲೇ ‘ಮಹಾ’ ಎಂಬ ಇನ್ನೊಂದು ಎದ್ದು ಅಕ್ಟೋಬರ್ 31ರಂದು ಲಕ್ಷದ್ವೀಪವನ್ನು ಹಾದುಹೋಯಿತು. ಅದಕ್ಕೆ ಎರಡು ವರ್ಷ ಮೊದಲು, 2017ರ ನವೆಂಬರ್ ಕೊನೆಯಲ್ಲಿ, ಕನ್ಯಾಕುಮಾರಿಯ ಬಳಿ ಕೆಲವೇ ಗಂಟೆಗಳಲ್ಲಿ ಬಲಗೊಂಡ ‘ಓಖಿ’ ಕೇರಳ, ತಮಿಳುನಾಡುಗಳ ನೂರಾರು ಮೀನುಗಾರರನ್ನು ಬಲಿ ತೆಗೆದುಕೊಂಡು ಲಕ್ಷದ್ವೀಪದತ್ತ ಸಾಗಿತ್ತು. ಬಂಗಾಳ ಕೊಲ್ಲಿಯ ಸ್ಥಿತಿ ಇದಕ್ಕಿಂತ ಕಠಿಣ. ಅಲ್ಲಿ ಚಂಡಮಾರುತಗಳ ಸಂಖ್ಯೆ ಅರಬ್ಬಿ ಸಮುದ್ರದಲ್ಲಿನದಕ್ಕಿಂತ ವಾಡಿಕೆಯಾಗಿ ನಾಲ್ಕು ಪಟ್ಟು. ಅಕ್ಟೋಬರ್, ನವೆಂಬರ್‌ಗಳಲ್ಲಿ ಚೆನ್ನೈನಿಂದ ಅಂಡಮಾನಿಗೆ ಸಮುದ್ರಮಾರ್ಗವಾಗಿ ಹೋಗಬಯಸುವವರು ಇದನ್ನು ತಿಳಿದೇ ಹೊರಡಬೇಕು.

ಹಾಗಾದರೆ ನಾವು ಕಂಡ ತಿಳಿಯಾದ ಆಕಾಶದ ಅರ್ಥವೇನು? ಅಲೆಗಳಲ್ಲಿ ಎರಡು ಬಗೆ. ಅಲ್ಲಿಯ ಗಾಳಿಯೇ ಎಬ್ಬಿಸುವ ಅಲೆ ಒಂದು. ದೂರದಲ್ಲೆಲ್ಲೋ ಬೀಸಿದ ಬಿರುಗಾಳಿಯಿಂದ ಹುಟ್ಟಿ, ನೂರಾರು, ಕೆಲವೊಮ್ಮೆ ಸಾವಿರಾರು ಕಿಲೋಮೀಟರ್ ಸಾಗಿಬರುವ ಉಬ್ಬಲೆ ಇನ್ನೊಂದು. ಎರಡನೆಯದಕ್ಕೆ ಸ್ಥಳೀಯ ಗಾಳಿಯ ಅಗತ್ಯವಿಲ್ಲ. ದೊಡ್ಡ ಹಡಗಿನ ಪಕ್ಕಗಳಲ್ಲಿ ರೆಕ್ಕೆಯಂತಹ ಸಾಧನಗಳಿದ್ದು ಅವು ಪಕ್ಕದ ಹೊಯ್ದಾಟವನ್ನು ಬಹಳಷ್ಟು ತಗ್ಗಿಸುತ್ತವೆ. ಹಡಗಿನ ನಡುಭಾಗದ ಕೆಳ ಅಂತಸ್ತಿನಲ್ಲಿ ಕೋಣೆ ಪಡೆದವರಿಗೆ ಅಲುಗಾಟ ಇನ್ನೂ ಕಡಿಮೆ. ಆದರೆ ಸಣ್ಣ ದೋಣಿಗೆ ಇಂತಹ ಯಾವ ಆಸರೆಯೂ ಇಲ್ಲ. ಹವಾಮಾನ ವರದಿಯಲ್ಲಿ ಅಲೆಯ ಎತ್ತರ ಎರಡು ಮೀಟರ್ ಎಂದಿದ್ದರೆ ಅದು ಎತ್ತರದ ಮೂರನೇ ಒಂದು ಭಾಗದ ಅಲೆಗಳ ಸರಾಸರಿ ಮಾತ್ರ. ನಡುನಡುವೆ ಸುಮಾರು ಅದರ ಎರಡರಷ್ಟು ಎತ್ತರದ ಅಲೆಯೂ ಬರಬಹುದು. ಆದ್ದರಿಂದ ಸ್ಥಳ ಆರಿಸುವಾಗ ಕೇಳಬೇಕಾದ ಮೊದಲ ಪ್ರಶ್ನೆ, ಅಲ್ಲಿ ಹಡಗು ಧಕ್ಕೆಗೆ ತಾಗುತ್ತದೆಯೋ, ದೋಣಿಯಲ್ಲಿ ಇಳಿಯಬೇಕೋ ಎಂಬುದು. ಧಕ್ಕೆಗೆ ತಾಗುವ ಗೋವಾ, ಕೊಚ್ಚಿ, ಮಂಗಳೂರುಗಳ ಮಾತು ಬೇರೆ, ಹವಳದ ದಿಬ್ಬದಾಚೆಯ ದ್ವೀಪದ ಮಾತು ಬೇರೆ.

ವಿದೇಶದ ಸಮುದ್ರಗಳನ್ನು ಆರಿಸುವಾಗಲೂ ಇದೇ ವಿವೇಚನೆ ಬೇಕು. ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗುವ ನಮ್ಮ ಹಿರಿಯರನ್ನು ಶರತ್ಕಾಲದಲ್ಲಿ ಫ್ಲಾರಿಡಾದಿಂದ ಕೆರಿಬಿಯನ್ ದ್ವೀಪಗಳಿಗೆ ಕರೆದೊಯ್ಯುವುದು ಈಗ ಸಾಮಾನ್ಯವಾಗಿದೆ. ಅಲ್ಲಿ ಚಂಡಮಾರುತದ ಹಂಗಾಮು ಜೂನ್ 1ರಿಂದ ನವೆಂಬರ್ 30ರವರೆಗೆ. ಅದರ ಶಿಖರ ಸೆಪ್ಟೆಂಬರ್ ಎರಡನೆಯ ವಾರ. 2017ರ ಸೆಪ್ಟೆಂಬರ್ ಒಂದೇ ತಿಂಗಳಿನಲ್ಲಿ ‘ಇರ್ಮಾ’, ‘ಮರಿಯಾ’ಗಳು ಸೇಂಟ್ ಮಾರ್ಟಿನ್, ಡೊಮಿನಿಕಾ, ಪೋರ್ಟೊರಿಕೊಗಳನ್ನು ನೆಲಸಮ ಮಾಡಿದ್ದನ್ನು ನೆನಪಿಸಿಕೊಳ್ಳಬಹುದು. ಆ ದಿನಗಳಲ್ಲೇ ಹೋಗಬೇಕಾದವರು ವೆನೆಜುವೆಲಾದ ತೀರಕ್ಕೆ ಹತ್ತಿರವಿರುವ ಅರೂಬಾ, ಕುರಸಾವೊಗಳನ್ನು ಆರಿಸುವುದು ಲೇಸು. ಅವು ಚಂಡಮಾರುತಗಳ ವಾಡಿಕೆಯ ದಾರಿಯಿಂದ ದಕ್ಷಿಣಕ್ಕಿವೆ.

ಮೆಡಿಟರೇನಿಯನ್ ಸಮುದ್ರದ ಪೂರ್ವ ಭಾಗ ಇದಕ್ಕೆ ಹೋಲಿಸಿದರೆ ಉತ್ತಮ ಆಯ್ಕೆ. ಬೇಸಿಗೆಯ ಕಾವನ್ನು ನೀರು ಅಕ್ಟೋಬರ್‌ವರೆಗೂ ಹಿಡಿದಿಟ್ಟುಕೊಂಡಿರುತ್ತದೆ, ಗ್ರೀಸಿನ ದ್ವೀಪಗಳ ನಡುವೆ ಜುಲೈ, ಆಗಸ್ಟ್‌ಗಳಲ್ಲಿ ಬೀಸುವ ಉತ್ತರದ ಗಾಳಿ ಆ ವೇಳೆಗೆ ತಣಿಯುತ್ತದೆ, ಜನಸಂದಣಿಯೂ ಇಳಿಯುತ್ತದೆ. ಆದರೆ ಅಕ್ಟೋಬರ್ ಮಧ್ಯ ದಾಟಿದಂತೆ ಅಲ್ಲಿಯ ಹವೆಯನ್ನೂ ನಂಬಲಾಗದು. ‘ಇಯಾನೋಸ್’ ಎಂಬ ಬಿರುಗಾಳಿ ಗ್ರೀಸಿನ ಪಶ್ಚಿಮದ ದ್ವೀಪಗಳಿಗೆ ಅಪ್ಪಳಿಸಿದ್ದು 2020ರ ಸೆಪ್ಟೆಂಬರ್‌ನಲ್ಲಿಯೇ. ಸ್ಯಾಂಟೊರಿನಿಯಲ್ಲಿಯೂ ಹಡಗು ದೂರ ನಿಂತು ಜನ ದೋಣಿಯಲ್ಲಿ ಇಳಿಯಬೇಕು. ಇತ್ತ ಸಿಂಗಪುರದಿಂದ ಪೆನಾಂಗ್‌ವರೆಗಿನ ಮಲಕ್ಕಾ ಜಲಸಂಧಿಗೆ ಸುಮಾತ್ರಾ ದ್ವೀಪವೇ ಗೋಡೆ. ಭೂಮಧ್ಯರೇಖೆಯ ಸಮೀಪ ಚಂಡಮಾರುತಗಳೂ ವಿರಳ. ವಿರಳವೆಂದರೆ ಅಸಂಭವವಲ್ಲ ಎಂಬುದನ್ನು 2025ರ ನವೆಂಬರ್‌ನಲ್ಲಿ ಅದೇ ಜಲಸಂಧಿಯಲ್ಲಿ ಹುಟ್ಟಿ ಸುಮಾತ್ರಾದಲ್ಲಿ ಅಪಾರ ಜೀವಹಾನಿಗೆ ಕಾರಣವಾದ ‘ಸೆನ್ಯಾರ್’ ತೋರಿಸಿತು. ಯಾವ ಸಮುದ್ರವೂ ಭರವಸೆ ಬರೆದುಕೊಡುವುದಿಲ್ಲ. ಸಂಭವ ಎಲ್ಲಿ ಕಡಿಮೆ ಎಂಬುದನ್ನಷ್ಟೇ ನಾವು ಲೆಕ್ಕ ಹಾಕಬಹುದು.

ಈ ಲೆಕ್ಕ ಹಡಗು ನಡೆಸುವವರಿಗೆ ಚೆನ್ನಾಗಿಯೇ ಗೊತ್ತಿದೆ. ಚೆನ್ನೈನಿಂದ ಶ್ರೀಲಂಕಾಕ್ಕೆ ಪ್ರವಾಸಿ ಹಡಗಿನ ಸೇವೆಯನ್ನು 2023ರಲ್ಲಿ ಆರಂಭಿಸಿದ್ದು ಜೂನ್ ತಿಂಗಳಿನಲ್ಲಿ. ಮುಂಗಾರು ಪಶ್ಚಿಮ ಕರಾವಳಿಯನ್ನು ಬಡಿಯುವಾಗ ಪೂರ್ವ ಕರಾವಳಿ ಅದರ ಮರೆಯಲ್ಲಿರುತ್ತದೆ. ನವ ಮಂಗಳೂರು ಬಂದರಿಗೆ ವಿದೇಶಿ ಪ್ರವಾಸಿ ಹಡಗುಗಳು ಬರುವುದು ಮಳೆಗಾಲ ಮುಗಿದ ಮೇಲೆಯೇ. ಮೊಗವೀರರಿಗಂತೂ ಇದು ಹುಟ್ಟಿನಿಂದ ಬಂದ ತಿಳಿವಳಿಕೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಸರ್ಕಾರದ ನಿಷೇಧವಿದೆ. ಅದು ಮುಗಿದರೂ ಸಮುದ್ರ ಪೂಜೆ ಮಾಡಿ, ಹಾಲೆರೆದು, ಕಡಲಿನ ಮುಖ ನೋಡಿಯೇ ಅವರು ಇಳಿಯುತ್ತಾರೆ. ಹೊಟ್ಟೆಪಾಡಿಗಾಗಿ ಹೋಗುವವರು ಇಷ್ಟು ಕಾಯುತ್ತಾರೆ. ವಿಹಾರಕ್ಕೆ ಹೋಗುವ ನಮಗೆ ಕಾಯಲು ಏನು ಕಷ್ಟ?

ಕಷ್ಟವಿರುವುದು ನಮ್ಮ ಆತುರದಲ್ಲಿ. 1947ರ ಜುಲೈ 17ರಂದು ಮುಂಬಯಿಯ ಭಾವುಚಾ ಧಕ್ಕೆಯಿಂದ ರೇವಸಕ್ಕೆ ಹೊರಟ ‘ರಾಮದಾಸ್’ ಎಂಬ ಸ್ಟೀಮರು ಮಳೆಗಾಲದ ಸಮುದ್ರದಲ್ಲಿ ಮುಳುಗಿ 600ಕ್ಕೂ ಹೆಚ್ಚು ಜನ ಸತ್ತರು. ಆಷಾಢದ ಅಮಾವಾಸ್ಯೆಯ ಹಬ್ಬಕ್ಕೆ ಊರು ಸೇರಬೇಕೆಂದು ಹೊರಟವರು ಅವರಲ್ಲಿ ಅನೇಕರು. ಇಂದಿನ ಹಡಗುಗಳು ಅಂದಿನವಕ್ಕಿಂತ ಎಷ್ಟೋ ಸುಭದ್ರ. ಮುನ್ಸೂಚನೆಯೂ ದಿನಗಳ ಮೊದಲೇ ಸಿಗುತ್ತದೆ. ಆದರೂ ಹಬ್ಬದ ದಿನ ಮೊದಲೇ ಗೊತ್ತಾಗಿರುವಾಗ, ಹಣ ಕಟ್ಟಿಯಾಗಿರುವಾಗ, ನಿಲ್ಲಿ ಎಂದವರ ಮೇಲೆ ಜನ ಸಿಟ್ಟಾಗುವುದು ಬದಲಾಗಿಲ್ಲ. ನಾನೇ ಅದಕ್ಕೆ ಸಾಕ್ಷಿ.

ಆಗಬೇಕಾದದ್ದು ದೊಡ್ಡದೇನೂ ಅಲ್ಲ. ಪ್ರವಾಸ ಮಾರುವವರು ಆಯಾ ತಿಂಗಳಿನಲ್ಲಿ ಆಯಾ ಮಾರ್ಗದ ಸಮುದ್ರದ ವಾಡಿಕೆಯ ಸ್ಥಿತಿಯನ್ನು, ಎಲ್ಲಿ ದೋಣಿಯಲ್ಲಿ ಇಳಿಯಬೇಕೆಂಬುದನ್ನು, ಇಳಿಯಲಾಗದಿದ್ದರೆ ಹಣದ ಗತಿ ಏನೆಂಬುದನ್ನು ದರದ ಪಕ್ಕದಲ್ಲೇ, ಕನ್ನಡದಲ್ಲಿ, ಓದಲು ಬರುವ ಅಕ್ಷರಗಳಲ್ಲಿ ಮುದ್ರಿಸಬೇಕು. ಬಂದರನ್ನು ಬದಲಿಸುವ, ಕೈಬಿಡುವ ಅಧಿಕಾರ ಕರಾರಿನಲ್ಲಿ ಸಾಮಾನ್ಯವಾಗಿ ಹಡಗಿನವರಿಗೇ ಇರುತ್ತದೆ. ಸುರಕ್ಷತೆಯ ದೃಷ್ಟಿಯಿಂದ ಅದು ಸರಿಯೇ; ಆದರೆ ಆ ಷರತ್ತು ಕೊಳ್ಳುವವನಿಗೆ ಹಣ ಕಟ್ಟುವ ಮೊದಲು ಗೊತ್ತಾಗಬೇಕು. ಅಕ್ಟೋಬರ್‌ನ ದರ ಅಗ್ಗವಾಗಿದ್ದರೆ ಅದರ ಹಿಂದೆ ಸಮುದ್ರದ ಸಂಧಿಕಾಲವೂ ಇರಬಹುದು ಎಂದು ಅರಿಯುವ ಹಕ್ಕು ಅವನಿಗಿದೆ.

ನಾವೂ ಕೆಲವನ್ನು ರೂಢಿಸಿಕೊಳ್ಳಬೇಕು. ಸಮುದ್ರದ ಸ್ಥಿತಿಯ ಮುನ್ಸೂಚನೆಯನ್ನು ಹೈದರಾಬಾದಿನ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವೂ ಚಂಡಮಾರುತದ ಎಚ್ಚರಿಕೆಯನ್ನು ಭಾರತೀಯ ಹವಾಮಾನ ಇಲಾಖೆಯೂ ನಿತ್ಯ ನೀಡುತ್ತವೆ. ಹೊರಡುವ ಮೊದಲು ಅವನ್ನು ನೋಡುವುದು ಟಿಕೆಟ್ ನೋಡಿಕೊಳ್ಳುವಷ್ಟೇ ಸಹಜವಾಗಬೇಕು. ಹಿಂದಿರುಗುವ ದಿನಕ್ಕೂ ಕೆಲಸಕ್ಕೆ ಹಾಜರಾಗುವ ದಿನಕ್ಕೂ ನಡುವೆ ಒಂದೆರಡು ದಿನಗಳ ಅಂತರವಿರಲಿ. ವೃದ್ಧರನ್ನು ಕರೆದೊಯ್ಯುವವರು ಹಡಗು ಧಕ್ಕೆಗೆ ತಾಗುವ ಊರುಗಳನ್ನೇ ಆರಿಸಲಿ. ಎಲ್ಲಕ್ಕಿಂತ ಮುಖ್ಯವಾಗಿ, ಕಪ್ತಾನರು ಬೇಡವೆಂದಾಗ ಆ ಮಾತಿಗೆ ಬೆಲೆ ಕೊಡೋಣ. ನೂರಾರು ಪ್ರಯಾಣಿಕರ ಅಸಮಾಧಾನಕ್ಕೆ ಮಣಿದು ದೋಣಿ ಇಳಿಸುವ ಕಪ್ತಾನರಿಗಿಂತ ಅದನ್ನು ಸಹಿಸಿಕೊಳ್ಳುವ ಕಪ್ತಾನರೇ ನಮಗೆ ಬೇಕು.

ಪಶ್ಚಿಮ ಕರಾವಳಿಯಲ್ಲಿ ಜನವರಿ, ಫೆಬ್ರವರಿಗಳಲ್ಲಿ ಗಾಳಿ ಬೀಸುವುದು ಹೆಚ್ಚಾಗಿ ನೆಲದ ಕಡೆಯಿಂದ. ಸಹ್ಯಾದ್ರಿಯ ಮರೆಯಲ್ಲಿ ಕಡಲು ಶಾಂತವಾಗಿರುತ್ತದೆ, ಚಂಡಮಾರುತವೂ ತೀರಾ ಅಪರೂಪ. ತಾಯಿಯ ಆಸೆ ಇನ್ನೂ ಹಾಗೆಯೇ ಉಳಿದಿದೆ. ಆ ತಿಂಗಳುಗಳಲ್ಲಿ ಮಕ್ಕಳಿಗೆ ರಜೆಯಿಲ್ಲ, ನಾನೂ ರಜೆ ಬೇಡಿ ಪಡೆಯಬೇಕು. ಬರುವ ಮಾಘದಲ್ಲಿ ಹೋಗೋಣ ಎಂದು ಮೊನ್ನೆ ಅವರಿಗೆ ಹೇಳಿದೆ. “ಮೊದಲು ಕಡಲನ್ನು ಕೇಳು, ಆಮೇಲೆ ನನ್ನನ್ನು ಕೇಳು” ಎಂದರು. ಈ ಸಲ ಅದೇ ಕ್ರಮದಲ್ಲಿ ಕೇಳಲಿದ್ದೇನೆ.