ಬಾವಿ ಮೋಟರ್ ಬಿಚ್ಚೋ ಕೈಗೆ ಜೀಪಿನ ಪಂಪು ಭಾರವೇ?

ಬಾವಿ ಮೋಟರ್ ನೀರು ಎಳೀದಿದ್ರೆ ನಾವೇ ಫುಟ್‌ವಾಲ್ವ್ ಬಿಚ್ಚಿ ಕಸ ತೆಗೀತೀವಿ. ಬೋರ್‌ವೆಲ್ ಮೋಟರ್ ಸುಟ್ರೆ ಪೈಪು ಎತ್ತೋಕೆ ನಾವೇ ನಿಲ್ತೀವಿ. ಅದೇ ಜನ ಜೀಪಿನ ಬಾನೆಟ್ ಎತ್ತಿದ ತಕ್ಷಣ ಕೈ ಕಟ್ಕೊಂಡು ನಿಲ್ತೀವಿ, ಮೆಕ್ಯಾನಿಕ್ ಹೇಳಿದ್ದೇ ವೇದ. ನನಗಿದು ಸರಿ ಕಾಣಲ್ಲ. ಬೇಜಾರು ಮಾಡ್ಕೊಂಡ್ರೂ ಪರವಾಗಿಲ್ಲ, ಹೇಳ್ತೀನಿ.

ಹೋದ ತಿಂಗಳು ಹಳೇ ಡೀಸೆಲ್ ಜೀಪಲ್ಲಿ ಕೊಬ್ಬರಿ ಹಾಕ್ಕೊಂಡು ತಿಪಟೂರಿಗೆ ಹೊರಟಿದ್ದೆ. ದಾರೀಲಿ ಟೆಂಪರೇಚರ್ ಮುಳ್ಳು ಮೇಲಕ್ಕೆ ಹೋಯ್ತು. ನಿಲ್ಲಿಸಿ, ಆರೋಕೆ ಬಿಟ್ಟು, ನೀರು ತುಂಬಿಸ್ಕೊಂಡು ಒಂದು ಗ್ಯಾರೇಜಿಗೆ ಹೋದೆ. ನೋಡಿದ್ದು ಎರಡೇ ನಿಮಿಷ. "ಹೆಡ್ ಗ್ಯಾಸ್ಕೆಟ್ ಹೋಗೈತೆ ಯಜಮಾನ್ರೆ, ಇಂಜಿನ್ ಬಿಚ್ಬೇಕು, 18,000 ಇಟ್ಕೊಳ್ಳಿ" ಅಂದ್ರು.

ಆಯಿಲ್ ಕಡ್ಡಿ ಎಳೆದು ನೋಡಿದೆ. ಆಯಿಲಿಗೆ ನೀರು ಬೆರೆತಿದ್ರೆ ಹಾಲು ಹಾಕಿದ ಕಾಫಿ ಬಣ್ಣ ಬರುತ್ತೆ, ಬಂದಿರಲಿಲ್ಲ. ಬಿಳಿ ಹೊಗೆ ಇಲ್ಲ, ರೇಡಿಯೇಟರಲ್ಲಿ ಗುಳ್ಳೆ ಇಲ್ಲ. ಆಮೇಲೆ ಫ್ಯಾನ್ ಹಿಡಿದು ಅಲ್ಲಾಡಿಸಿದೆ. ಲಟಲಟ ಅಂತು. ಪಂಪಿನ ಹೊಟ್ಟೆ ಕೆಳಗೆ ತುಕ್ಕಿನ ಗೆರೆ ಇಳಿದಿತ್ತು. ಅಲ್ಲೊಂದು ಸಣ್ಣ ತೂತು ಇರುತ್ತೆ. ಒಳಗಿನ ಸೀಲ್ ಸವೆದಾಗ ನೀರು ಬೇರಿಂಗಿಗೆ ಹೋಗದೆ ಆಚೆ ಬರಲಿ, ನಮಗೆ ಗೊತ್ತಾಗಲಿ ಅಂತ ಕಂಪ್ನಿಯೋರೇ ಬಿಟ್ಟಿರೋದು. ಆ ತೂತಿಗೆ ಎಂ-ಸೀಲ್ ಮೆತ್ತಿ ಓಡಿಸೋ ಪುಣ್ಯಾತ್ಮರೂ ನಮ್ಮಲ್ಲಿದಾರೆ!

ಜೀಪನ್ನ ಮನೆಗೆ ತಂದೆ. ಹೊಸ ಪಂಪು, ಗ್ಯಾಸ್ಕೆಟ್, ಬೆಲ್ಟು, ಕೂಲಂಟು ಎಲ್ಲಾ ಸೇರಿ 3,000 ದಾಟಲಿಲ್ಲ. ಇಂಜಿನ್ ಪೂರ್ತಿ ಆರಿದ ಮೇಲೆ ರೇಡಿಯೇಟರ್ ನೀರು ಇಳಿಸಿ, ಆಲ್ಟರ್ನೇಟರ್ ಬೋಲ್ಟ್ ಸಡಿಲ ಮಾಡಿ ಬೆಲ್ಟ್ ತೆಗೆದೆ. ಆಮೇಲೆ ಫ್ಯಾನು, ಆಮೇಲೆ ಪಂಪು. ಬೋಲ್ಟುಗಳು ಉದ್ದ ಗಿಡ್ಡ ಇರ್ತವೆ, ಯಾವುದು ಎಲ್ಲಿದು ಅಂತ ರಟ್ಟಿನ ಮೇಲೆ ಚಿತ್ರ ಬರೆದು ಅಲ್ಲಲ್ಲೇ ಚುಚ್ಚಿಟ್ಟೆ. ಒಂದು ತುಕ್ಕು ಹಿಡಿದು ಜಗ್ಗಲಿಲ್ಲ, ರಾತ್ರಿಯೆಲ್ಲಾ ಡೀಸೆಲ್ ಕುಡಿಸಿ ಬೆಳಿಗ್ಗೆ ತಿರುಗಿಸಿದೆ. ಬಿಚ್ಚಿದ ಪಂಪಲ್ಲಿ ಇದ್ದದ್ದೇನು? ಒಂದು ಶಾಫ್ಟು, ಬೇರಿಂಗು, ಸೀಲು, ಇಂಪೆಲರ್. ನಮ್ಮ ಬಾವಿ ಪಂಪಿನ ಮರಿ ಅಷ್ಟೇ.

ಒಂದೇ ಸಲಕ್ಕೆ ಆಯ್ತು ಅಂತ ಕೊಚ್ಕೊಳ್ಳಲ್ಲ. ಹಳೇ ಗ್ಯಾಸ್ಕೆಟ್ ಚೂರು ಒಂದು ಕಡೆ ಉಳಿದಿತ್ತು, ಸೋರ್ತು. ಮತ್ತೆ ಬಿಚ್ಚಿ, ನುಣ್ಣಗೆ ಕೆರೆದು, ಎದುರುಬದುರು ಬೋಲ್ಟುಗಳನ್ನ ಸ್ವಲ್ಪ ಸ್ವಲ್ಪನೇ ಬಿಗಿ ಮಾಡಿದೆ. ಬೆಲ್ಟನ್ನ ಹೆಬ್ಬೆರಳಲ್ಲಿ ಒತ್ತಿದ್ರೆ ಅರ್ಧ ಇಂಚು ಬಗ್ಗಬೇಕು. ಜಾಸ್ತಿ ಬಿಗಿ ಮಾಡಿದ್ರೆ ಹೊಸ ಬೇರಿಂಗೂ ಹೋಗುತ್ತೆ.

ಗ್ಯಾರೇಜಿನವರನ್ನ ಬೈದು ಸುಮ್ಮನಾಗೋಕೆ ಆಗಲ್ಲ ಕಣ್ರೀ, ಪಂಪು ಕೊಂದಿದ್ದು ನಾನೇ. ಐದು ವರ್ಷ ಬೋರ್ ನೀರೇ ಹುಯ್ದಿದ್ದೆ. ನಮ್ಮ ಬೋರ್ ನೀರು ಪಾತ್ರೆ ತಳದಲ್ಲಿ ಬಿಳಿ ಪೊರೆ ಕಟ್ಟೋದು ದಿನಾ ನೋಡ್ತೀವಿ, ಡ್ರಿಪ್ ತೂತು ಮುಚ್ಚಿದಾಗ ಆಸಿಡ್ ಬಿಡ್ತೀವಿ. ಅದೇ ನೀರು ಇಂಜಿನ್ನಿಗೆ ಮಾತ್ರ ಅಮೃತವಾ? ಈಗ ಕೂಲಂಟಿಗೆ ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್ ಸಮ ಬೆರೆಸಿ ಹಾಕಿದೀನಿ. ಇಳಿಸಿದ ಹಳೇ ಕೂಲಂಟನ್ನ ಮಾತ್ರ ನೆಲಕ್ಕೆ ಚೆಲ್ಲಬೇಡಿ. ರುಚಿ ಸಿಹಿ ಇರುತ್ತೆ, ನಾಯಿ, ಕರು ನೆಕ್ಕಿದ್ರೆ ಸತ್ತೇ ಹೋಗ್ತವೆ.

"ನಮ್ಮ ಕೆಲಸ ಬಿಟ್ಟು ಅದ್ಯಾಕೆ, ದುಡ್ಡು ಕೊಟ್ರೆ ಮಾಡ್ಕೊಡ್ತಾರೆ" ಅಂತ ಪಕ್ಕದ ತೋಟದ ಅಣ್ಣ ಅಂದ್ರು. ಕೊಡಿ, ಬೇಡ ಅನ್ನಲ್ಲ. ಟೈಮಿಂಗ್ ಬೆಲ್ಟ್ ಹಿಂದೆ ಪಂಪು ಕೂತಿರೋ ಕಾರಾದ್ರೆ ನಾನೂ ಮುಟ್ಟಲ್ಲ. ಒಂದು ಹಲ್ಲು ಆಚೀಚೆ ಆದ್ರೂ ಕೆಲವು ಇಂಜಿನ್ನಲ್ಲಿ ವಾಲ್ವು ಪಿಸ್ಟನ್ನಿಗೆ ಬಡಿಯುತ್ತೆ. ಆದ್ರೆ ಯಾವುದಕ್ಕೆ ದುಡ್ಡು ಕೊಡ್ತಿದೀವಿ ಅಂತ ಗೊತ್ತಿಲ್ಲದೇ ಕೊಟ್ರೆ, ಮಾರ್ಕೆಟ್ಟಲ್ಲಿ ತೂಕ ನೋಡದೆ ಕೊಬ್ಬರಿ ಸುರಿದು ಬಂದ ಹಾಗೆ. ಅಲ್ಲಿ ಅರ್ಧ ಕೇಜಿಗೆ ಜಗಳ ಆಡ್ತೀವಲ್ಲ, ಬಾನೆಟ್ ಮುಂದೆ ಯಾಕೆ ಬಾಯಿ ಬರಲ್ಲ?

ಹಳೇ ಪಂಪು ತೋಟದ ಮನೇಲಿ ಇಟ್ಟಿದೀನಿ, ಬಂದು ಕೈಲಿ ತಿರುಗಿಸಿ ನೋಡಿ. ಸ್ಪ್ಯಾನರ್ ಸೆಟ್ ಬೇಕಾದ್ರೂ ಒಯ್ಯಿರಿ. ಹೋದ ಸಲ ಹತ್ತನೇ ನಂಬರ್ ಸ್ಪ್ಯಾನರ್ ಒಯ್ದವರು ದಯವಿಟ್ಟು ವಾಪಸ್ ತಂದಿಡಿ.